ದುಡ್ಡು ಕೊಡುವ ಮೊದಲು ಎಣ್ಣೆ ಇಳಿಸಿ: ಹಳೆ ಎಲ್‌ಎಸ್‌ಡಿ ಆಕ್ಸಲ್ ಪರೀಕ್ಷಿಸುವುದು ಹೇಗೆ?

ಮಳೆ ಬಿದ್ದ ಮರುದಿನ ಎರೆ ಹೊಲಕ್ಕೆ ಜೀಪು ಇಳಿಸಿದವರಿಗೆ ಈ ಕಷ್ಟ ಗೊತ್ತು. ಹಿಂದಿನ ಒಂದು ಗಾಲಿ ಕೆಸರಿನಲ್ಲಿ ಗರಗರ ತಿರುಗುತ್ತದೆ. ಗಟ್ಟಿ ನೆಲದ ಮೇಲಿರುವ ಇನ್ನೊಂದು ಅಲ್ಲಾಡುವುದಿಲ್ಲ. ಗಾಲಿಗಳಿಗೆ ಬಲ ಹಂಚುವ ಗೇರ್ ಜೋಡಣೆ ಡಿಫರೆನ್ಷಿಯಲ್. ಸಾದಾ ಡಿಫರೆನ್ಷಿಯಲ್ ಎರಡೂ ಗಾಲಿಗೆ ಒಂದೇ ಬಲ ಕೊಡುತ್ತದೆ. ಜಾರುವ ಗಾಲಿ ತಗೊಳ್ಳುವಷ್ಟೇ ಬಲ ಹಿಡಿತ ಇರುವ ಗಾಲಿಗೂ ಸಿಗುತ್ತದೆ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಅಂದರೆ ಎಲ್‌ಎಸ್‌ಡಿಯಲ್ಲಿ ಸಾಮಾನ್ಯವಾಗಿ ಕ್ಲಚ್ ಪ್ಲೇಟುಗಳಿರುತ್ತವೆ. ಅವು ಒತ್ತಿ ಹಿಡಿದು, ನಿಂತ ಗಾಲಿಗೂ ಸ್ವಲ್ಪ ಬಲ ದಾಟಿಸುತ್ತವೆ.

ಎಲ್‌ಎಸ್‌ಡಿ ಇರುವ ಹೊಸ ಆಕ್ಸಲ್ ದುಬಾರಿ, ಅದಕ್ಕೇ ನಮ್ಮ ಕಡೆ ಗುಜರಿಯಲ್ಲಿ ಹುಡುಕುತ್ತಾರೆ. ನಾನೂ ಹಾಗೆ ಒಂದನ್ನು ತಂದಿದ್ದೆ. ‘ಏನ್ ಆಗಂಗಿಲ್ರೀ, ಸುಮ್ನ ಹಾಕ್ಸ್ರಿ’ ಎಂದರು ಮಾರಿದವರು, ಹಾಕಿಸಿದೆ. ಮೊದಲ ಕೆಸರಿನಲ್ಲೇ ಒಂದು ಗಾಲಿ ಮಾತ್ರ ತಿರುಗಿತು. ಬಿಚ್ಚಿದರೆ ಪ್ಲೇಟುಗಳು ಪೂರ್ತಿ ಸವೆದಿದ್ದವು. ಇಳಿಸುವ, ಏರಿಸುವ ಕೂಲಿ ಎರಡು ಸಲ ಕೊಟ್ಟೆ. ನಿಮಗೆ ಹಾಗಾಗಬಾರದು.

ಮೊದಲು ಅಳತೆ ನೋಡಿ. ಹೌಸಿಂಗ್‌ನ (ಆಕ್ಸಲ್‌ನ ಹೊರ ಕವಚ) ಅಗಲ, ಪಾಟಾ (ಪಟ್ಟಿ ಸ್ಪ್ರಿಂಗ್) ಕೂರುವ ಜಾಗ, ವೀಲ್ ಬೋಲ್ಟುಗಳ ಸಂಖ್ಯೆ ಮತ್ತು ಅಂತರ, ಬ್ರೇಕ್, ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಕೂರುವ ಫ್ಲ್ಯಾಂಜ್, ಎಲ್ಲ ನಿಮ್ಮ ಗಾಡಿಗೆ ಹೊಂದಬೇಕು. ಆಮೇಲೆ ರೇಶಿಯೋ. ಎರಡೂ ಬ್ರೇಕ್ ಡ್ರಮ್‌ಗೆ ಸೀಮೆಸುಣ್ಣದ ಗುರುತು ಹಾಕಿ, ಎರಡೂ ಜೊತೆಯಾಗಿ 10 ಸುತ್ತು ಬರುವ ಹಾಗೆ ಪಿನಿಯನ್ (ಇಂಜಿನ್ ಕಡೆಯಿಂದ ಬಲ ತರುವ ಸಣ್ಣ ಗೇರ್) ತಿರುಗಿಸಿ. ಪಿನಿಯನ್ 41 ಸುತ್ತು ಬಂದರೆ ರೇಶಿಯೋ 4.1. ಫೋರ್ ವೀಲ್ ಡ್ರೈವ್ ಗಾಡಿಯಾದರೆ ಮುಂದಿನ ಆಕ್ಸಲ್ಲಿನದೂ ಇದೇ ಇರಬೇಕು. ಇಲ್ಲದಿದ್ದರೆ ಫೋರ್ ವೀಲ್ ಹಾಕಿದಾಗ ಎರಡೂ ಆಕ್ಸಲ್ ಒಂದಕ್ಕೊಂದು ಎಳೆದಾಡಿ, ಎರಡಕ್ಕೂ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಹಾಳಾಗುತ್ತದೆ.

ಈಗ ಎಣ್ಣೆ. ನನ್ನ ಪ್ರಕಾರ ಅರ್ಧ ಪರೀಕ್ಷೆ ಇಲ್ಲೇ ಮುಗಿಯುತ್ತದೆ. ಕೆಳಗೆ ಬಿಳಿ ತಟ್ಟೆ ಇಟ್ಟು ಡ್ರೇನ್ ಪ್ಲಗ್ ಬಿಚ್ಚಿ. ಪ್ಲಗ್ಗಿಗೆ ಮ್ಯಾಗ್ನೆಟ್ ಇದ್ದರೆ ಅದಕ್ಕೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಅಂಟಿರುತ್ತದೆ, ಅದಕ್ಕೆ ಹೆದರಬೇಡಿ. ಅದನ್ನು ಬೆರಳಲ್ಲಿ ತಿಕ್ಕಿ. ಹರಳು, ಚೂರು, ಸೂಜಿಯಂಥ ತುಂಡು ಸಿಕ್ಕರೆ ಹಲ್ಲೋ ಬೇರಿಂಗೋ ಒಡೆದಿದೆ. ಸುಟ್ಟ ವಾಸನೆ ಇದ್ದರೆ ಪ್ಲೇಟುಗಳು ಕಾದಿವೆ. ಎಣ್ಣೆ ಹಾಲು ಬೆರೆತ ಚಹದ ಹಾಗಿದ್ದರೆ ಒಳಗೆ ನೀರು ಹೋಗಿದೆ.

ಈ ನೀರಿನ ವಿಷಯ ನಮ್ಮ ಭಾಗದಲ್ಲಿ ಸಣ್ಣದಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರೂರೇ ಮುಳುಗಿದ್ದವು. ಬಿಸಿ ಆಕ್ಸಲ್ ನೀರಿಗೆ ಬಿದ್ದರೆ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಬ್ರೀದರ್‌ನಿಂದ, ಅಂದರೆ ಗಾಳಿಯಾಡುವ ತೂತಿನಿಂದ, ನೀರು ಎಳೆದುಕೊಳ್ಳುತ್ತದೆ. ನೀರು ಕುಡಿದು ವರ್ಷಗಟ್ಟಲೆ ಬಿದ್ದ ಆಕ್ಸಲ್‌ನ ಬೇರಿಂಗ್‌ಗೆ ತುಕ್ಕು ಹಿಡಿದಿರುತ್ತದೆ. ಮಾರುವವರು ಹೊಸ ಎಣ್ಣೆ ಹಾಕಿರಬಹುದು, ಆದರೆ ಬ್ರೀದರ್ ತೂತಿನಲ್ಲಿ ಕೆಸರು ಉಳಿದಿರುತ್ತದೆ. ಅದನ್ನು ತಪ್ಪದೆ ನೋಡಿ.

ಎಣ್ಣೆ ಇಳಿಸುವುದಕ್ಕೇ ಒಪ್ಪದವರ ಹತ್ತಿರ ಕೊಳ್ಳಬೇಡಿ.

ಮುಂದಿನದು ಪ್ಲೇಟುಗಳ ಹಿಡಿತ. ಒಂದು ಡ್ರಮ್ ಅಲ್ಲಾಡದ ಹಾಗೆ ಕಟ್ಟಿ, ಇನ್ನೊಂದನ್ನು ಟಾರ್ಕ್ ರೆಂಚ್‌ನಿಂದ ತಿರುಗಿಸಿ. ಎಷ್ಟು ಬಲಕ್ಕೆ ಜಾರಲು ಶುರುವಾಯಿತು ಎಂದು ಬರೆದುಕೊಂಡು, ಕಂಪನಿ ಮ್ಯಾನ್ಯುಯಲ್‌ನ ಅಂಕಿಗೆ ಹೋಲಿಸಿ. ಕೈಯಲ್ಲೇ ಸಲೀಸಾಗಿ ತಿರುಗಿದರೆ ಪ್ಲೇಟು ಸತ್ತಿವೆ. ತಡೆದು ತಡೆದು ಜಗ್ಗಿದರೂ ಒಳ್ಳೆಯದಲ್ಲ. ಆದರೆ ಎಲ್ಲ ಎಲ್‌ಎಸ್‌ಡಿಗೂ ಇದು ನಡೆಯುವುದಿಲ್ಲ. ಪ್ಲೇಟಿಲ್ಲದ, ಬರೀ ಗೇರಿನ ಎಲ್‌ಎಸ್‌ಡಿ ಖಾಲಿ ತಿರುಗಿಸಿದಾಗ ಸಾದಾದ ಹಾಗೇ ಇರಬಹುದು. ಅದಕ್ಕೇ ಯಾವ ಬಗೆಯದು ಎಂದು ಮೊದಲೇ ಕೇಳಿಕೊಳ್ಳಿ.

ಕವರ್ ತೆಗೆದರೆ ಕ್ರೌನ್‌ನ (ಪಿನಿಯನ್ ತಿರುಗಿಸುವ ದೊಡ್ಡ ಗೇರ್) ಪ್ರತಿ ಹಲ್ಲನ್ನೂ ಟಾರ್ಚ್ ಬಿಟ್ಟು ನೋಡಿ. ಮುಕ್ಕು, ಗುಳಿ, ನೀಲಿಗಟ್ಟಿದ ಕಲೆ ಇರಬಾರದು. ಕ್ರೌನ್-ಪಿನಿಯನ್ ನಡುವಿನ ಸಡಿಲ, ಅಂದರೆ ಬ್ಯಾಕ್‌ಲ್ಯಾಶ್, ಡಯಲ್ ಗೇಜ್‌ನಿಂದ ಅಳೆಯಬೇಕು. ಗೇಜ್ ಇಲ್ಲದಿದ್ದರೆ ಬೆಳಗಾವಿಯ ಉದ್ಯಮಬಾಗದಂಥ ಕಡೆ ಮಷೀನ್ ಕೆಲಸದವರನ್ನು ಕೇಳಿ. ಅನೇಕ ಗಾಡಿಗಳಲ್ಲಿ ಇದು 0.13ರಿಂದ 0.20 ಮಿ.ಮೀ. ಆಸುಪಾಸು ಇರುತ್ತದೆ, ನಿಮ್ಮ ಗಾಡಿಯದು ಮ್ಯಾನ್ಯುಯಲ್‌ನಲ್ಲಿದೆ. ಸುತ್ತಲೂ ನಾಲ್ಕು ಕಡೆ ಅಳೆಯಿರಿ. ಒಂದೊಂದು ಕಡೆ ಒಂದೊಂದು ಬಂದರೆ ಕ್ರೌನ್ ಸೊಟ್ಟಗಿದೆ ಅಥವಾ ಸರಿಯಾಗಿ ಕೂತಿಲ್ಲ. ಬೇರಿಂಗ್ ಕ್ಯಾಪ್ ಬಿಚ್ಚುವುದಾದರೆ ಎಡ-ಬಲ ಗುರುತು ಹಾಕಿ, ಅವು ಅದಲು ಬದಲಾಗಬಾರದು. ಪಿನಿಯನ್ ಫ್ಲ್ಯಾಂಜ್ ಹಿಡಿದು ಮೇಲೆ ಕೆಳಗೆ, ಒಳಗೆ ಹೊರಗೆ ಅಲ್ಲಾಡಿಸಿ. ಅಲ್ಲಾಡಿದರೆ ಬೇರಿಂಗ್ ಹೋಗಿದೆ.

ಆಕ್ಸಲ್ ಶಾಫ್ಟ್ ಎಳೆದು, ಎಣ್ಣೆ ತಡೆಯುವ ಸೀಲ್ ಕೂರುವ ಜಾಗದಲ್ಲಿ ಉಗುರು ಆಡಿಸಿ. ಉಗುರು ಸಿಕ್ಕಿದರೆ ಹೊಸ ಸೀಲ್ ಹಾಕಿದರೂ ಸೋರುತ್ತದೆ. ಹೌಸಿಂಗ್ ಮೇಲೆ ಬೆಸುಗೆ ತೇಪೆ ಕಂಡರೆ ಅದು ಹೆಚ್ಚು ಹೇರಿ ಬಾಗಿಯೋ ಬಿರುಕು ಬಿಟ್ಟೋ ಇದ್ದದ್ದು. ಬಿಟ್ಟುಬಿಡಿ.

ಕೂರಿಸುವಾಗ ಎಲ್ಲ ಸೀಲ್ ಹೊಸದಿರಲಿ, ಬ್ರೀದರ್ ಸ್ವಚ್ಛ ಮಾಡಿ. ಕಂಪನಿ ಹೇಳಿದ ಎಲ್‌ಎಸ್‌ಡಿ ಎಣ್ಣೆಯನ್ನೇ ಹಾಕಿ. ಹಿಂದಿನ ಎರಡೂ ಟೈರ್ ಒಂದೇ ಅಳತೆ, ಒಂದೇ ಸವೆತದವು ಇರಬೇಕು. ಇಲ್ಲದಿದ್ದರೆ ನೇರ ರಸ್ತೆಯಲ್ಲೂ ಪ್ಲೇಟುಗಳು ಉಜ್ಜುತ್ತಲೇ ಇರುತ್ತವೆ.

ಒಂದು ಎಚ್ಚರಿಕೆ. ಒಂದೇ ಗಾಲಿ ಜಾಕ್ ಮೇಲೆತ್ತಿ, ಇಂಜಿನ್ ಚಾಲೂ ಮಾಡಿ ಗೇರ್ ಹಾಕಿ ‘ನೋಡೋಣ’ ಎನ್ನಬೇಡಿ. ನೆಲದ ಮೇಲಿರುವ ಗಾಲಿಗೂ ಬಲ ಹೋಗಿ ಗಾಡಿ ಜಾಕ್‌ನಿಂದ ಹಾರಿಬಿಡುತ್ತದೆ. ನೋಡಲೇಬೇಕಿದ್ದರೆ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟು ಹಿಂದಿನ ಎರಡೂ ಗಾಲಿ ನೆಲ ಬಿಟ್ಟಿರಲಿ, ಮುಂದಿನ ಗಾಲಿಗೆ ಕಲ್ಲಿಡಿ.

ಎಲ್ಲ ಮುಗಿದ ಮೇಲೆ ಖಾಲಿ ಬಯಲಿನಲ್ಲಿ ಎಂಟರ ಆಕಾರದಲ್ಲಿ ಹತ್ತು ಸುತ್ತು ನಿಧಾನ ಹೊಡೆಯಿರಿ. ಹೊಸ ಎಣ್ಣೆ ಪ್ಲೇಟುಗಳ ನಡುವೆ ಇಳಿಯುತ್ತದೆ. ಗಾಡಿ ತಣ್ಣಗಾದ ಮೇಲೆ ಕೆಳಗೆ ಬಗ್ಗಿ ಸೋರಿಕೆ ನೋಡಿ, ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ.