ಊಟದ ನಂತರದ ಪೀರಿಯಡ್ ಗಲಾಟೆ ಹೆಂಗೆ ಕಮ್ಮಿ ಆಯ್ತು
ಎಂಟನೇ ಕ್ಲಾಸಿಗೆ ಬಿಸಿಯೂಟ ಆದ್ಮೇಲಿನ ಪೀರಿಯಡ್ ನಂದು, ಮೊದಲೆರಡು ತಿಂಗಳು ಡಸ್ಟರ್ ತಗೊಂಡು ಟೇಬಲ್ ಕುಟ್ಟಿ ಕುಟ್ಟಿ ಗಂಟಲು ಕಟ್ಕೊಂಡಿದ್ದೇ ಬಂತು. ಕೋಲಿನ ಮಾತೇ ಇಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆ 17ನೇ ಸೆಕ್ಷನ್ ಪ್ರಕಾರ ಹೊಡೆಯೋದೂ ಮಾನಸಿಕ ಹಿಂಸೆ ಕೊಡೋದೂ ಎರಡೂ ನಿಷೇಧ, ಅದು ಸರಿನೇ.

ಕೊನೆಗೆ ಕೂಗೋದೇ ಬಿಟ್ಟೆ. ಒಳಗೆ ಹೋದ ತಕ್ಷಣ ಮಾತಾಡ್ದೆ ಬೋರ್ಡ್ ಮೇಲೆ ಒಂದು ಲೆಕ್ಕ ಬರೆಯೋದು, ಐದು ನಿಮಿಷ ಟೈಮ್, ನಾನು ಬೆಂಚ್ ಮಧ್ಯೆ ಓಡಾಡ್ತಾ ನೋಟ್‌ಬುಕ್ ನೋಡೋದು, ಮಾತಾಡೋರ ಪಕ್ಕ ಸುಮ್ನೆ ನಿಂತ್ರೆ ಸಾಕು ತಾವೇ ಪೆನ್ ಹಿಡೀತಾರೆ.

ಲಾಸ್ಟ್ ಬೆಂಚಲ್ಲಿ ಒಬ್ಬ ಸ್ಕೇಲಲ್ಲಿ ಟಕಟಕ ಬಡೀತಿದ್ದ, ಹತ್ರ ಹೋಗಿ ಮೆಲ್ಲಗೆ ಕೇಳಿದ್ರೆ "ಬೋರ್ಡು ಕಾಣ್ಸಲ್ಲ ಮಿಸ್" ಅಂದ, ಕರುಳು ಚುರ್ ಅಂತು. ಮುಂದೆ ಕೂರಿಸ್ದೆ, ಅವರಮ್ಮಂಗೆ ಫೋನ್ ಮಾಡಿ ಕಣ್ಣು ಟೆಸ್ಟ್ ಮಾಡ್ಸಿ ಅಂದೆ. ಈಗ ಕನ್ನಡಕ ಬಂದಿದೆ, ಉತ್ತರ ಮೊದಲು ಹೇಳೋನು ಅವನೇ.