ಬೇಸಿಗೆ ಕೊನೆಯಲ್ಲಿ ಭದ್ರಾ ಹಿನ್ನೀರಿನ ಹಕ್ಕಿ ನೋಡುವುದು ಹೇಗೆ?

ಏಪ್ರಿಲ್, ಮೇ ತಿಂಗಳಲ್ಲಿ ಲಕ್ಕವಳ್ಳಿಯ ಭದ್ರಾ ಜಲಾಶಯದ ನೀರು ಇಳಿದಂತೆ ಮುಳುಗಿದ್ದ ದಿಬ್ಬಗಳು ನಡುಗಡ್ಡೆಗಳಾಗಿ ಮೇಲೇಳುತ್ತವೆ. ಆ ಬೋಳು ನೆಲವೇ ನದಿ ರೀವ (ರಿವರ್ ಟರ್ನ್) ಹಕ್ಕಿಗಳ ಹೆರಿಗೆಮನೆ. ಹಳದಿ ಕೊಕ್ಕು, ಕಪ್ಪು ನೆತ್ತಿ, ಕೆಂಪು ಕಾಲು, ಕವಲು ಬಾಲ ಕಂಡರೆ ಗುರುತಿಗೆ ಬೇರೇನೂ ಬೇಡ.

ಹೊರಡುವ ಮೊದಲು ಪತ್ರಿಕೆಯಲ್ಲಿ ಜಲಾಶಯದ ಮಟ್ಟ ನೋಡಿ. ಗರಿಷ್ಠ ಮಟ್ಟ 186 ಅಡಿ. ಅದರಿಂದ ಸಾಕಷ್ಟು ಕೆಳಗಿಳಿದಿದ್ದರೆ ಮಾತ್ರ ನಡುಗಡ್ಡೆಗಳು ಕಾಣುತ್ತವೆ. ಅತಿಯಾಗಿ ಇಳಿದರೂ ಕಷ್ಟವೇ: ನಡುಗಡ್ಡೆ ದಡಕ್ಕೆ ಕೂಡಿಕೊಂಡು ನಾಯಿ, ನರಿಗಳಿಗೆ ದಾರಿಯಾಗುತ್ತದೆ. ಮುಂಗಾರು ಪೂರ್ವದ ಜೋರು ಮಳೆಗೆ ನೀರು ಏರಿದರೆ ತಗ್ಗಿನ ಗೂಡುಗಳು ಮುಳುಗುತ್ತವೆ.

ಇದು ಹುಲಿ ಸಂರಕ್ಷಿತ ಪ್ರದೇಶ, ಕಾಲ್ನಡಿಗೆಗೆ ಅವಕಾಶವಿಲ್ಲ. ದೋಣಿ ಸಫಾರಿಯನ್ನು ಮುಂಗಡ ಕಾಯ್ದಿರಿಸಿ, ಬೆಳಗಿನ ಮೊದಲ ಸರದಿ ಕೇಳಿ. ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ಬಿಸಿಯಾಗಿ ನಡುಗುತ್ತದೆ. ಎಷ್ಟೇ ಒಳ್ಳೆಯ ಬೈನಾಕ್ಯುಲರ್ ಇದ್ದರೂ ದೂರದ ಹಕ್ಕಿ ಕಲಸಿಹೋಗಿ ಕಾಣುತ್ತದೆ.

ದೋಣಿಯಲ್ಲಿ 10 ಪಟ್ಟು ಹಿಗ್ಗಿಸುವುದಕ್ಕಿಂತ 8x42 (8 ಪಟ್ಟು ಹಿಗ್ಗಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ) ಬೈನಾಕ್ಯುಲರ್ ಮೇಲು, ಅಲುಗಾಟ ಕಡಿಮೆ. ದಡದಲ್ಲೇ ಅದನ್ನು ಸರಿಹೊಂದಿಸಿಕೊಳ್ಳಿ: ಬಲಗಣ್ಣು ಮುಚ್ಚಿ, ನಡುವಿನ ತಿರುಗಣೆಯಿಂದ ಎಡಗಣ್ಣಿಗೆ ದೂರದ ಒಂದು ಕೊಂಬೆ ಸ್ಪಷ್ಟವಾಗಲಿ. ಆಮೇಲೆ ಎಡಗಣ್ಣು ಮುಚ್ಚಿ, ಬಲಗಡೆಯ ಉಂಗುರ ತಿರುಗಿಸಿ ಅದೇ ಕೊಂಬೆಯನ್ನು ಸ್ಪಷ್ಟಮಾಡಿ. ಇದನ್ನು ಬಿಟ್ಟರೆ ಅರ್ಧ ಗಂಟೆಯಲ್ಲೇ ತಲೆನೋವು.

ಗೂಡಿರುವ ನಡುಗಡ್ಡೆಗೆ ಕಾಲಿಡಲೇಬೇಡಿ, ಎಷ್ಟೇ ಆಸೆಯಾದರೂ. ರೀವಗಳು ಒಟ್ಟಿಗೆ ಎದ್ದು ಕೂಗುತ್ತಾ ತಲೆಯ ಮೇಲೆ ಸುತ್ತಿದರೆ ಈಗಾಗಲೇ ಅತಿ ಹತ್ತಿರವಾಗಿದ್ದೀರಿ. ದೋಣಿ ಹಿಂದಕ್ಕೆ ತಿರುಗಿಸಲು ಹೇಳಿ. ತಾಯಿ ಎದ್ದುಹೋದರೆ ಮೊಟ್ಟೆಗೆ ನೆರಳಿಲ್ಲ, ಸುಡುಬಿಸಿಲಿಗೆ ಒಳಗಿನ ಮರಿ ಸಾಯುತ್ತದೆ. ಕಾಗೆ, ಹದ್ದುಗಳೂ ಅದೇ ಹೊತ್ತಿಗೆ ಕಾಯುತ್ತಿರುತ್ತವೆ. ಗೂಡಿನ ಜಾಗದ ಗುರುತು ಸಿಗುವಂಥ ಚಿತ್ರವನ್ನು ಜಾಲತಾಣಕ್ಕೆ ಹಾಕಬೇಡಿ.

ದಡದ ಹುಲ್ಲಿಗೆ ಇಳಿಯುವ ಆನೆಗಳನ್ನು ನೋಡಲು ಸಂಜೆಯ ಸರದಿ ಒಳ್ಳೆಯದು. ನೀರಂಚಿನ ಬಂಡೆಗಳ ಮೇಲೆ ಮೀನಿನ ಹುರುಪೆ, ಮುಳ್ಳು ತುಂಬಿದ ಹಿಕ್ಕೆ ಕಂಡರೆ ನೀರುನಾಯಿಗಳ ಓಡಾಟವಿದೆ ಎಂದರ್ಥ. ಇಂಜಿನ್ ನಿಲ್ಲಿಸಿ ಕಾಯಿರಿ.

ನಡೆದು ನೋಡಬೇಕೆಂದರೆ ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ, ಹಾಸನದ ಕಡೆಯವರಿಗೆ ಶೆಟ್ಟಿಹಳ್ಳಿ ಚರ್ಚ್ ಸುತ್ತಲಿನ ಹೇಮಾವತಿ ಹಿನ್ನೀರು. ಬೆಳಿಗ್ಗೆ ಪೂರ್ವದ ದಡದಲ್ಲಿ ನಿಂತರೆ ಸೂರ್ಯ ಬೆನ್ನಿಗಿರುತ್ತಾನೆ, ಬಣ್ಣ ನಿಚ್ಚಳ. ಗದ್ದೆಗೊರವದಂಥ ವಲಸೆ ಹಕ್ಕಿಗಳು ಈ ಹೊತ್ತಿಗೆ ಹೆಚ್ಚಾಗಿ ಹೊರಟುಹೋಗಿರುತ್ತವೆ. ಇಲ್ಲಿನವು ಮಾತ್ರ ಸಂತಾನಕಾಲದ ಬಣ್ಣ ತಳೆಯುತ್ತವೆ: ಕೊಳದ ಬಕದ ಬೆನ್ನು ಕಡುಗೆಂಪು, ಗೋವಕ್ಕಿಯ ತಲೆ ಕುತ್ತಿಗೆ ಕಿತ್ತಳೆ. ಹೊಸಬರು ಇವನ್ನು ಬೇರೆ ಜಾತಿಯೆಂದೇ ಬರೆದುಕೊಳ್ಳುವುದುಂಟು. ಟಿಟ್ಟಿಭ ಎದುರಿಗೇ ಕೂಗಾಡಿದರೆ ಅಲ್ಲೇ ನಿಂತು ಕಾಲಬುಡ ನೋಡಿ. ಮಣ್ಣುಬಣ್ಣದ ಮೊಟ್ಟೆಗಳು ಬರೀ ನೆಲದಲ್ಲಿರುತ್ತವೆ.

ಬಿರುಕುಬಿಟ್ಟ ಹೂಳು ಮೇಲೆ ಒಣಗಿದ್ದರೂ ಅಡಿಯಲ್ಲಿ ಕೆಸರು. ದನಗಳು ತುಳಿದು ಗಟ್ಟಿಯಾದ ಜಾಡಿನಲ್ಲೇ ನಡೆಯಿರಿ. ಮಧ್ಯಾಹ್ನದ ಮೇಲೆ ಮೋಡ ಕಪ್ಪಿಟ್ಟು ಗುಡುಗು ಕೇಳಿದೊಡನೆ ಬಯಲು ಬಿಡಿ. ಒಂಟಿ ಮರದಡಿ ನಿಲ್ಲದೆ ವಾಹನದೊಳಗೆ ಸೇರಿಕೊಳ್ಳಿ.