ಮಂಡಿ ಲೆಕ್ಕದ ಸಾಫ್ಟ್‌ವೇರ್: 16 ವಾರದಲ್ಲಿ ಬಿಸಿಎ ಪ್ರಾಜೆಕ್ಟ್ ಮುಗಿಸಿದ ಬಗೆ

ಲೈಬ್ರರಿ ಮ್ಯಾನೇಜ್‌ಮೆಂಟ್, ಹಾಸ್ಟೆಲ್ ಮ್ಯಾನೇಜ್‌ಮೆಂಟ್ ಎಂದು ಪ್ರಾಜೆಕ್ಟ್ ಮಾಡಿದರೆ ತಪ್ಪು ಹಿಡಿಯುವವರೇ ಸಿಗುವುದಿಲ್ಲ. ಅದಕ್ಕೇ ನಾವು ನಾಲ್ವರು ದಾವಣಗೆರೆ ಎಪಿಎಂಸಿಯ ಒಂದು ದಲ್ಲಾಳಿ ಅಂಗಡಿಯ ಮೆಕ್ಕೆಜೋಳದ ಲೆಕ್ಕ ಹಿಡಿದೆವು. ಅಲ್ಲಿ ಗುಮಾಸ್ತರಿದ್ದಾರೆ, ಒಂದು ರೂಪಾಯಿ ಆಚೀಚೆ ಆದರೂ ಅವರ ಕಣ್ಣು ತಪ್ಪುವುದಿಲ್ಲ. 16 ವಾರವನ್ನು ಹೀಗೆ ಹಂಚಿಕೊಂಡೆವು: ಕಿರ್ದಿ (ಅಂಗಡಿಯ ದಿನದ ಲೆಕ್ಕದ ಪುಸ್ತಕ) ಓದಲು 3, ವಿನ್ಯಾಸಕ್ಕೆ 2, ಕೋಡಿಂಗ್‌ಗೆ 6, ಟೆಸ್ಟಿಂಗ್‌ಗೆ 3, ವರದಿ ಮತ್ತು ವೈವಾಗೆ 2.

ಕಿರ್ದಿಗೆ 3 ವಾರ ಹೆಚ್ಚಲ್ಲ. ಸೆಮಿಸ್ಟರ್ ನಡೆಯುವ ಹೊತ್ತಿಗೆ ಸುಗ್ಗಿ ಮುಗಿದು ಮಂಡಿ ಖಾಲಿ. ಆಗ ಹೋಗಿ "ನಿಮಗೆ ಏನೇನು ಬೇಕು ಸರ್?" ಎಂದರೆ "ಬಿಲ್ ಬಂದ್ರೆ ಸಾಕು ಕಣ್ರಪ್ಪ" ಎಂಬುದಷ್ಟೇ ಉತ್ತರ. ಕೇಳುವ ಬದಲು ಹಿಂದಿನ ನವೆಂಬರಿನಲ್ಲಿ ಆವಕ (ಮಂಡಿಗೆ ಬಂದ ಮಾಲು) ಜಾಸ್ತಿ ಇದ್ದ ಎರಡು ದಿನದ ಪುಟಗಳನ್ನು ಅಕ್ಷರ ಬಿಡದೆ ನಕಲು ಮಾಡಿಕೊಳ್ಳಬೇಕು. ಅಚ್ಚಾದ ಕಾಲಂಗಳಿಗಿಂತ ಅಂಚಿನಲ್ಲಿ ಪೆನ್ಸಿಲಿನಲ್ಲಿ ಗೀಚಿದ್ದೇ ಮುಖ್ಯ. ಅರ್ಧ ದುಡ್ಡು ಇವತ್ತು, ಉಳಿದದ್ದು ಸೋಮವಾರ. ತಮ್ಮನ ಕೈಗೆ ಕೊಟ್ಟಿದ್ದು. ತೂಕ ತಪ್ಪಾಗಿ ಎರಡನೇ ಸಲ ಬರೆದ ಚೀಟಿ. ಈ ಒಂದೊಂದು ಗೀಚೂ ಡೇಟಾಬೇಸಿನಲ್ಲಿ ಒಂದು ಕಾಲಂ ಅಥವಾ ಒಂದು ಟೇಬಲ್ ಕೇಳುತ್ತದೆ.

ಕೊನೆಗೆ ಆರು ಟೇಬಲ್ ಉಳಿದವು: ರೈತ, ಊರು, ಖರೀದಿದಾರ, ಆವಕ, ಬಿಲ್, ಪಾವತಿ. ಪಾವತಿಯನ್ನು ಬಿಲ್ಲಿನೊಳಗೇ ಒಂದು ಕಾಲಂ ಮಾಡಿದರೆ ಎರಡು ಕಂತಿನ ದುಡ್ಡು ಬರೆಯಲು ಜಾಗವಿರುವುದಿಲ್ಲ. ರೈತರ ಹೆಸರು ಪ್ರೈಮರಿ ಕೀ, ಅಂದರೆ ಒಬ್ಬೊಬ್ಬರನ್ನೂ ಬೇರೆಯಾಗಿ ಗುರುತಿಸುವ ಕಾಲಂ, ಆಗಲಾರದು. ಜಗಳೂರು ಕಡೆ ಒಂದೇ ಊರಿನಲ್ಲಿ ನಾಲ್ಕು ಜನ ತಿಪ್ಪೇಸ್ವಾಮಿ ಸಿಗುತ್ತಾರೆ. ಮೊಬೈಲ್ ನಂಬರೂ ಬೇಡ, ಅಪ್ಪ ಮಕ್ಕಳಿಗೆಲ್ಲ ಒಂದೇ ನಂಬರ್ ಕೊಟ್ಟಿರುತ್ತಾರೆ. ಕ್ರಮಸಂಖ್ಯೆಯೇ ಕೀ ಆಗಿರಲಿ. ಹುಡುಕಲು ಹೆಸರು, ತಂದೆ ಹೆಸರು, ಊರು. ಊರನ್ನು ಟೈಪ್ ಮಾಡಲು ಬಿಡದೆ ಪಟ್ಟಿಯಿಂದ ಆರಿಸುವಂತಿರಬೇಕು, ಇಲ್ಲದಿದ್ದರೆ ಆನಗೋಡು, ಅಣಗೋಡು ಎರಡು ಊರಾಗುತ್ತವೆ. ದರವನ್ನು ಬಿಲ್ಲಿನಲ್ಲೇ ಉಳಿಸಬೇಕು. ಬೇರೆ ಟೇಬಲಿನಿಂದ ಓದಿದರೆ ನಾಳೆ ದರ ಬದಲಾದಾಗ ನಿನ್ನೆಯ ಬಿಲ್ಲಿನ ಮೊತ್ತವೂ ಬದಲಾಗುತ್ತದೆ. ಡಿಲೀಟ್ ಬಟನ್ ಇಡಲೇ ಇಲ್ಲ. ತಪ್ಪಾದ ಬಿಲ್ಲಿಗೆ 'ರದ್ದು' ಗುರುತು, ಅದರ ಬದಲಿಗೆ ಹೊಸ ನಂಬರಿನ ಬಿಲ್.

ಲೆಕ್ಕ ಕೈಕೊಡುವುದು ದಶಮಾಂಶದಲ್ಲಿ. 43 ಚೀಲ, ಒಟ್ಟು 2,365 ಕೆಜಿ ಎಂದುಕೊಳ್ಳಿ. ಖಾಲಿ ಚೀಲದ ತೂಕ 600 ಗ್ರಾಂನಂತೆ 25.8 ಕೆಜಿ ಕಳೆದರೆ 2,339.2 ಕೆಜಿ. ಕ್ವಿಂಟಲಿಗೆ 2,150 ರೂಪಾಯಿ ಎಂದರೆ 50,292.80. ಫ್ಲೋಟ್‌ನಲ್ಲಿ (ದಶಮಾಂಶ ಸಂಖ್ಯೆ ಇಡುವ ಡೇಟಾ ಬಗೆ) 0.1 ಕೂಡ ನಿಖರವಾಗಿ ಕೂರುವುದಿಲ್ಲ, ದಿನದ ಮೊತ್ತಕ್ಕೆ ಬರುವಷ್ಟರಲ್ಲಿ ಪೈಸೆ ಜಾರಬಹುದು. ತೂಕವನ್ನು ಗ್ರಾಂನಲ್ಲಿ, ಹಣವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಟ್ಟರೆ ಈ ತಲೆನೋವಿಲ್ಲ. ಇನ್ನೊಂದು, ರೌಂಡ್ ಮಾಡುವ ಜಾಗ. ಒಬ್ಬ ರೈತರ ಮೂರು ಲಾಟಿನಲ್ಲೂ (ಒಟ್ಟಿಗೆ ಮಾರುವ ರಾಶಿ) ಕೊನೆಗೆ 40 ಪೈಸೆ ಬಂದಿದ್ದರೆ, ಲಾಟಿಗೊಮ್ಮೆ ರೌಂಡ್ ಮಾಡಿದಾಗ ಮೂರೂ ಬಿಟ್ಟುಹೋಗುತ್ತವೆ. ಕೂಡಿಸಿ ರೌಂಡ್ ಮಾಡಿದರೆ 1 ರೂಪಾಯಿ ಉಳಿಯುತ್ತದೆ. ಗುಮಾಸ್ತರು ಮಾಡುವುದು ಎರಡನೆಯದು, ಪ್ರೋಗ್ರಾಮೂ ಹಾಗೇ ಮಾಡಬೇಕು.

ಕನ್ನಡಕ್ಕೇ ಒಂದು ವಾರ ಎತ್ತಿಡಿ. ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಯೂನಿಕೋಡ್ ಆಯ್ಕೆ ಮಾಡದೆ ಟೈಪಿಸಿದರೆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಹೆಸರಿನ ಜಾಗದಲ್ಲಿ ಬರೀ ಪ್ರಶ್ನೆ ಚಿಹ್ನೆ ಬಂದರೆ ಟೇಬಲನ್ನಷ್ಟೇ ಅಲ್ಲ, ಪಿಎಚ್‌ಪಿ (ಪ್ರೋಗ್ರಾಂ ಬರೆದ ಭಾಷೆ) ಸಂಪರ್ಕದ ಚಾರ್‌ಸೆಟ್ಟನ್ನೂ (ಅಕ್ಷರ ಉಳಿಸುವ ಸಂಕೇತ ಪದ್ಧತಿ) ಯುಟಿಎಫ್8ಎಂಬಿ4 ಮಾಡಿ. ಪ್ರಶ್ನೆ ಚಿಹ್ನೆಯಾಗಿ ಸೇವ್ ಆದದ್ದು ಮತ್ತೆ ಅಕ್ಷರವಾಗುವುದಿಲ್ಲ, ಮರುಟೈಪಿಂಗೇ ಗತಿ. ಪಿಎಚ್‌ಪಿಯಲ್ಲಿ ಪಿಡಿಎಫ್ ಮಾಡುವ ಎಫ್‌ಪಿಡಿಎಫ್‌ಗೆ ಒತ್ತಕ್ಷರ ಜೋಡಿಸಲು ಬರುವುದಿಲ್ಲ, 'ತಿಪ್ಪೇಸ್ವಾಮಿ' ಚೂರಾಗುತ್ತಾನೆ. ಬ್ರೌಸರಿನಿಂದಲೇ ಪ್ರಿಂಟ್ ಕೊಡುವುದು ಸುಲಭದ ದಾರಿ. ಥರ್ಮಲ್ ಪ್ರಿಂಟರಿಗೂ ನೇರವಾಗಿ ಅಕ್ಷರ ಕಳಿಸದೆ ವಿಂಡೋಸ್ ಡ್ರೈವರ್ ಮೂಲಕ ಚಿತ್ರವಾಗಿ ಕಳಿಸಿದರೆ ಕನ್ನಡ ಸರಿಯಾಗಿ ಬೀಳುತ್ತದೆ.

ಬಿಲ್ ಬರೆಯುವಾಗ ಕರೆಂಟ್ ಹೋದರೆ ಕ್ಸಾಂಪ್‌ನಲ್ಲಿ (ಪಿಎಚ್‌ಪಿ, ಡೇಟಾಬೇಸ್ ಒಟ್ಟಿಗೆ ಕೊಡುವ ಪ್ಯಾಕೇಜ್) ಡೇಟಾಬೇಸ್ ನಡೆಸುವ ಮೈಎಸ್‌ಕ್ಯುಎಲ್ ಮತ್ತೆ ಏಳದೆ ಕೂರುವುದುಂಟು. ಡೇಟಾಬೇಸಿನ ಮೂಲ ಮಾಹಿತಿ ಇರುವ ಐಬಿಡೇಟಾ1 ಕಡತ ಅಳಿಸಿ ಎಂಬ ಸಲಹೆ ಯೂಟ್ಯೂಬಿನಲ್ಲಿ ಧಾರಾಳ. ಅಳಿಸಿದರೆ ಟೇಬಲ್‌ಗಳ ಹೆಸರು ಕಾಣುತ್ತದೆ, ತೆರೆಯುವುದಿಲ್ಲ. ದಿನಾ ಸಂಜೆ ಎಸ್‌ಕ್ಯುಎಲ್ ಡಂಪ್ (ಇಡೀ ಡೇಟಾಬೇಸಿನ ನಕಲು) ತೆಗೆದು ಪೆನ್‌ಡ್ರೈವಿಗೆ ಹಾಕಿ. ವಾರಕ್ಕೊಮ್ಮೆ ಅದನ್ನು ಬೇರೆ ಲ್ಯಾಪ್‌ಟಾಪಿನಲ್ಲಿ ತೆರೆದೂ ನೋಡಿ.

ಟೆಸ್ಟಿಂಗ್ ಎಂದರೆ ಮೊದಲು ನಕಲು ಮಾಡಿದ್ದ ಅದೇ ಎರಡು ದಿನವನ್ನು, ರದ್ದಾದ ಚೀಟಿಗಳ ಸಮೇತ, ಗುಮಾಸ್ತರ ಕೈಯಿಂದಲೇ ಎಂಟ್ರಿ ಮಾಡಿಸುವುದು. ದಿನದ ಮೊತ್ತ ಕಿರ್ದಿಯ ಮೊತ್ತಕ್ಕೆ ಹೊಂದಬೇಕು. ಪಕ್ಕದಲ್ಲಿ ಕೂತು ಹೇಳಿಕೊಡಬೇಡಿ. ಅವರ ಕೈ ಎಲ್ಲಿ ನಿಲ್ಲುತ್ತದೋ ಬರೆದುಕೊಳ್ಳಿ. ಅವರು ಮೌಸ್ ಮುಟ್ಟುವುದೇ ಕಡಿಮೆ, ಎಂಟರ್ ಒತ್ತಿದರೆ ಮುಂದಿನ ಖಾನೆಗೆ ಹೋಗಬೇಕು. ಇದು ಯಾವ ಪಠ್ಯದಲ್ಲೂ ಇರಲಿಲ್ಲ.

ವರದಿಯ ಇಆರ್ ಚಿತ್ರ (ಟೇಬಲ್‌ಗಳ ಸಂಬಂಧ ತೋರಿಸುವುದು), ಡಿಎಫ್‌ಡಿ (ಮಾಹಿತಿ ಹರಿಯುವ ದಾರಿ ತೋರಿಸುವುದು) ವಿನ್ಯಾಸದ ವಾರದಲ್ಲೇ ಮುಗಿದಿರಲಿ. ಟೇಬಲ್ ಬದಲಾದ ದಿನವೇ ಚಿತ್ರವನ್ನೂ ತಿದ್ದಿ. ವೈವಾ ನಡೆಯುವ ಲ್ಯಾಬಿನಲ್ಲಿ ಇಂಟರ್ನೆಟ್ ಇರುತ್ತದೆಂದು ನಂಬಬೇಡಿ. ಪುಟದ ವಿನ್ಯಾಸಕ್ಕೆ ಬಳಸುವ ಬೂಟ್‌ಸ್ಟ್ರಾಪ್, ನೋಟೋ ಸಾನ್ಸ್ ಕನ್ನಡ ಫಾಂಟ್ ಎರಡನ್ನೂ ಪ್ರಾಜೆಕ್ಟ್ ಫೋಲ್ಡರಿಗೇ ಇಳಿಸಿಕೊಂಡು, ಹಿಂದಿನ ರಾತ್ರಿ ವೈಫೈ ಆಫ್ ಮಾಡಿ ಒಮ್ಮೆ ಪೂರ್ತಿ ಓಡಿಸಿ.